ವಾಪಸ್ ಬರುವ ಹಡಗಿನಲ್ಲಿ ಏನಿದೆ? ಕೃಷಿ ಗ್ರಹದ ಕಥೆ ಬರೆಯುವವರಿಗೆ ಮಂಡ್ಯದಿಂದ ಬಹಿರಂಗ ಪತ್ರ

ಕನ್ನಡದಲ್ಲಿ ವಿಜ್ಞಾನ ಕಥೆ ಬರೆಯುವವರಿಗೆ, ಅಚ್ಚು ಹಾಕುವ ಸಂಪಾದಕರಿಗೆ, ಕಥಾ ಸ್ಪರ್ಧೆಗಳಲ್ಲಿ ತೀರ್ಪು ಕೊಡುವವರಿಗೆ ನಮಸ್ಕಾರ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ಭತ್ತ, ಕಬ್ಬು ಬೆಳೆಯುವವರು, ಮಳೆ ನಂಬಿ ರಾಗಿ ಬಿತ್ತುವವರು, ಮಣ್ಣು ಪರೀಕ್ಷೆ, ಬೀಜ, ನೀರಾವರಿ ಕೆಲಸದಲ್ಲಿರುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಿಮ್ಮ ಕಥೆಗಳಲ್ಲಿ ಆಗಾಗ ಒಂದು ಕೃಷಿ ಗ್ರಹ ಬರುತ್ತದೆ. ಕಣ್ಣು ಹಾಯಿಸಿದಷ್ಟು ದೂರ ತೆನೆ, ನಡುವೆ ಒಂದು ಬಂದರು, ಧಾನ್ಯ ತುಂಬಿಕೊಂಡು ಬೇರೆ ಲೋಕಗಳ ಕಡೆ ಏಳುವ ಹಡಗು. ಆ ಹಡಗು ಹೊರಡುವುದನ್ನು ನೀವು ಚೆನ್ನಾಗಿ ಬರೆಯುತ್ತೀರಿ. ಅದು ವಾಪಸ್ ಬರುವಾಗ ಹೊಟ್ಟೆಯಲ್ಲಿ ಏನಿರುತ್ತದೆ ಎಂಬುದನ್ನೂ ಬರೆಯಬೇಕು ಅನ್ನುವುದು ನಮ್ಮ ಕೋರಿಕೆ. ಖಾಲಿ ಬಂದರೆ ಆ ಗ್ರಹ ಬಹಳ ದಿನ ಬಾಳುವುದಿಲ್ಲ. ಏಕೆ ಎಂದು ಲೆಕ್ಕ ಹಾಕಿ ತೋರಿಸುತ್ತೇವೆ.

ಒಂದೇ ಒಂದು ಎಕರೆಯಿಂದ ಶುರು ಮಾಡೋಣ. 25 ಕ್ವಿಂಟಲ್ ಭತ್ತ ಬಂತು ಅನ್ನಿ. ಆ ಕಾಳಿನೊಳಗೆ ಸುಮಾರು 26 ಕೆ.ಜಿ. ಸಾರಜನಕ, 5 ಕೆ.ಜಿ. ರಂಜಕ, 6 ಕೆ.ಜಿ. ಪೊಟ್ಯಾಷಿಯಂ ಕೂತಿರುತ್ತದೆ. ಐದು ಕೆ.ಜಿ. ರಂಜಕ ಎಂದರೆ ಅರ್ಧ ಮೂಟೆ ಡಿಎಪಿ ಗೊಬ್ಬರ. ಮೂಟೆಯ ಮೇಲೆ ಅಚ್ಚಾಗಿರುವ ನೂರಕ್ಕೆ 46 ಎಂಬುದು ರಂಜಕದ ಆಕ್ಸೈಡ್ ರೂಪದ ಲೆಕ್ಕ, ಬರೀ ರಂಜಕ ಎಷ್ಟೆಂದು ತಿಳಿಯಬೇಕಾದರೆ 0.44ರಿಂದ ಗುಣಿಸಬೇಕು. ಈ ಎರಡನ್ನು ಕಲಸಿಕೊಂಡರೆ ಲೆಕ್ಕ ಎರಡು ಪಟ್ಟಿಗೂ ಮಿಕ್ಕಿ ತಪ್ಪುತ್ತದೆ. ಪೊಟ್ಯಾಷ್ ಮಾತ್ರ ಬಹುಪಾಲು ಹುಲ್ಲಿನಲ್ಲೇ ಉಳಿಯುತ್ತದೆ: ಅದೇ ಎಕರೆಯ ಎರಡೂವರೆ ಟನ್ ಒಣಹುಲ್ಲಿನಲ್ಲಿ 36 ಕೆ.ಜಿ. ಹತ್ತಿರ ಪೊಟ್ಯಾಷಿಯಂ ಇರುತ್ತದೆ. ಹುಲ್ಲು ಗ್ರಹ ಬಿಟ್ಟು ಹೋಗದಿದ್ದರೆ, ಸುಟ್ಟು ಹಾಳು ಮಾಡದಿದ್ದರೆ, ಆ ಚಿಂತೆ ಇಲ್ಲ. ಸಾರಜನಕವನ್ನು ಗಾಳಿಯಿಂದ ಇಳಿಸಿಕೊಳ್ಳಬಹುದು, ಅಲಸಂದೆ, ಹಸಿರೆಲೆ ಗೊಬ್ಬರಕ್ಕೆ ಬೆಳೆಯುವ ಡಯಾಂಚ, ನೀರಿನ ಮೇಲೆ ತೇಲುವ ಅಜೋಲ್ಲ ಆ ಕೆಲಸ ಮಾಡುತ್ತವೆ. ರಂಜಕಕ್ಕೆ ಆ ದಾರಿ ಇಲ್ಲ. ಅದು ಗಾಳಿಯಲ್ಲಿ ಇರುವುದಿಲ್ಲ, ಮಳೆಯಲ್ಲಿ ಬರುವುದಿಲ್ಲ. ಕಲ್ಲಿನಿಂದ ಬರಬೇಕು, ಇಲ್ಲವೇ ಉಂಡವರಿಂದ ವಾಪಸ್ ಬರಬೇಕು.

ಈಗ ಇದನ್ನು ಗ್ರಹದ ಅಳತೆಗೆ ಹಿಗ್ಗಿಸೋಣ. ಲೆಕ್ಕಕ್ಕೆಂದು ಒಂದು ಕಾಲ್ಪನಿಕ ಗ್ರಹ ಇಟ್ಟುಕೊಳ್ಳುತ್ತೇವೆ, ಹೆಸರು ಹೊಸಬಯಲು. ಹೊರಲೋಕಗಳಲ್ಲಿರುವ ಒಂದು ಕೋಟಿ ಜನಕ್ಕೆ ತಲೆಗೆ ವರ್ಷಕ್ಕೆ 150 ಕೆ.ಜಿ. ಅಕ್ಕಿ ಕಳಿಸುವ ಹೊಣೆ ಅದರದು. ಒಟ್ಟು 15 ಲಕ್ಷ ಟನ್ ಅಕ್ಕಿ. ನೂರು ಕೆ.ಜಿ. ಭತ್ತಕ್ಕೆ 66 ಕೆ.ಜಿ. ಅಕ್ಕಿ ಹಿಡಿದರೆ ಸುಮಾರು 23 ಲಕ್ಷ ಟನ್ ಭತ್ತ ಬೇಕು. ವರ್ಷಕ್ಕೆ ಎರಡು ಬೆಳೆ, ಬೆಳೆಗೆ 25 ಕ್ವಿಂಟಲ್ ಅಂದರೆ ನಾಲ್ಕೂವರೆ ಲಕ್ಷ ಎಕರೆ ಗದ್ದೆ. ಭತ್ತವನ್ನು ಹಾಗೇ ಮೂಟೆ ಕಟ್ಟಿ ಕಳಿಸಿದರೆ ವರ್ಷಕ್ಕೆ 4,500 ಟನ್ ರಂಜಕ ಗ್ರಹದಿಂದ ಹೊರಗೆ ಹೋಗುತ್ತದೆ.

ಇಲ್ಲಿ ಒಂದು ಸಣ್ಣ ಬದಲಾವಣೆ ದೊಡ್ಡ ಉಳಿತಾಯ ಮಾಡುತ್ತದೆ. ಅಕ್ಕಿ ಗಿರಣಿಯನ್ನು ಗ್ರಹದಲ್ಲೇ ಇಡಿ. ಕಾಳಿನ ರಂಜಕದಲ್ಲಿ ಹೆಚ್ಚಿನ ಪಾಲು ಇರುವುದು ತೌಡಿನಲ್ಲಿ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಟನ್ನಿಗೆ ಒಂದು ಕೆ.ಜಿ. ಆಸುಪಾಸು ಮಾತ್ರ ಉಳಿಯುತ್ತದೆ. ಬೆಳ್ಳಗಿನ ಅಕ್ಕಿ ಕಳಿಸಿದರೆ ನಷ್ಟ 4,500ರಿಂದ 1,500 ಟನ್ನಿಗೆ ಇಳಿಯಿತು. ತೌಡನ್ನು ಹಾಗೇ ರಾಶಿ ಹಾಕಬಾರದು, ಗಿರಣಿಯಿಂದ ಬಿದ್ದ ಕೂಡಲೇ ಅದರ ಎಣ್ಣೆ ಮುಗ್ಗಲು ಶುರುವಾಗುತ್ತದೆ. ಬಿಸಿ ಕೊಟ್ಟು, ಎಣ್ಣೆ ತೆಗೆದು, ಹಿಂಡಿಯನ್ನು ದನಕ್ಕೆ ಹಾಕಿ, ಸಗಣಿಯನ್ನು ಗದ್ದೆಗೆ ಹಾಕಬೇಕು. ತೆಗೆದ ಎಣ್ಣೆಯನ್ನು ಧಾರಾಳವಾಗಿ ಹಡಗಿಗೆ ಏರಿಸಬಹುದು, ಶುದ್ಧ ಮಾಡಿದ ಎಣ್ಣೆಯಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಬಿಟ್ಟರೆ ಹೆಚ್ಚೇನೂ ಇಲ್ಲ. ಹೊಟ್ಟಿನ ಬೂದಿಯಲ್ಲಿ ಸಿಲಿಕ ತುಂಬಿರುತ್ತದೆ, ಅದೂ ಗದ್ದೆಗೆ. ಸಿಲಿಕ ಕಡಿಮೆಯಾದ ಪೈರು ಬೇಗ ಮಲಗುತ್ತದೆ, ಎಲೆ ಸುಟ್ಟಂತಾಗುವ ಬೆಂಕಿ ರೋಗಕ್ಕೂ ಸುಲಭವಾಗಿ ಸಿಗುತ್ತದೆ.

ಉಳಿದ 1,500 ಟನ್ ಹೇಗೆ ವಾಪಸ್ ತರುವುದು? ಉಂಡವರ ಮಲಮೂತ್ರದಿಂದ. ಆಹಾರದಲ್ಲಿ ಒಳಗೆ ಹೋದ ರಂಜಕದಷ್ಟೇ ಬೆಳೆದ ಮನುಷ್ಯನ ದೇಹದಿಂದ ಹೊರಗೆ ಬರುತ್ತದೆ, ಅರ್ಧಕ್ಕಿಂತ ಹೆಚ್ಚು ಮೂತ್ರದಲ್ಲೇ. ಮೂತ್ರಕ್ಕೆ ಮೆಗ್ನೀಷಿಯಂ ಸೇರಿಸಿ ಕ್ಷಾರದ ಕಡೆಗೆ ತಿರುಗಿಸಿದರೆ ಸ್ಟ್ರುವೈಟ್ ಎಂಬ ಬಿಳಿ ಹರಳು ತಳಕ್ಕೆ ಇಳಿಯುತ್ತದೆ. ಒಣಗಿಸಿದರೆ ಪುಡಿ, ವಾಸನೆ ಇಲ್ಲ, ರಂಜಕ ನೂರಕ್ಕೆ 12.6. ನಿಧಾನವಾಗಿ ಕರಗುವ ಗೊಬ್ಬರ, ಸಣ್ಣ ಪೈರಿನ ಬೇರು ಸುಡುವುದಿಲ್ಲ. 1,500 ಟನ್ ರಂಜಕಕ್ಕೆ ಬೇಕಾದದ್ದು ಸುಮಾರು 12,000 ಟನ್ ಸ್ಟ್ರುವೈಟ್. ಅಂದರೆ ಹೊರಗೆ ಹೋದ ಪ್ರತಿ ಸಾವಿರ ಕೆ.ಜಿ. ಅಕ್ಕಿಗೆ ವಾಪಸ್ ಬರಬೇಕಾದದ್ದು ಎಂಟೇ ಕೆ.ಜಿ.

ಈ ಎಂಟು ಕೆ.ಜಿ.ಯನ್ನು ದಯವಿಟ್ಟು ಗಮನಿಸಿ. ಇದು ಹಡಗಿಗೆ ಭಾರವೇ ಅಲ್ಲ. ಹಾಗಿದ್ದೂ ಕೊಡುವವರು ಕೊಡದೇ ಹೋದರೆ? ಹಡಗಿನವರು ಆ ಜಾಗದಲ್ಲಿ ಲಾಭದ ಸರಕು ತುಂಬಿಕೊಂಡು ಬಂದರೆ? ಮೊದಲ ಹತ್ತು ವರ್ಷ ಯಾರಿಗೂ ಗೊತ್ತಾಗುವುದಿಲ್ಲ, ಮಣ್ಣಿನಲ್ಲಿ ಕೂಡಿಟ್ಟದ್ದು ಕರಗುತ್ತಿರುತ್ತದೆ. ಆಮೇಲೆ ತೆಂಡೆ, ಅಂದರೆ ಪೈರಿನ ಬುಡದಿಂದ ಒಡೆಯುವ ಕವಲು, ಕಡಿಮೆಯಾಗುತ್ತದೆ. ಪೈರು ಗಿಡ್ಡವಾಗಿ, ನೆಟ್ಟಗೆ, ಮಾಮೂಲಿಗಿಂತ ಕಡು ಹಸಿರಾಗಿ ನಿಲ್ಲುತ್ತದೆ. ನೋಡಿದವರು ಬೆಳೆ ಚೆನ್ನಾಗಿದೆ ಅಂದುಕೊಳ್ಳುತ್ತಾರೆ, ಏಕೆಂದರೆ ರಂಜಕದ ಕೊರತೆ ಸಾರಜನಕದ ಕೊರತೆಯ ಹಾಗೆ ಹಳದಿ ಬಣ್ಣ ತೋರಿಸುವುದಿಲ್ಲ. ಕಟಾವಿನ ದಿನ ಎರಡು ವಾರ ಮುಂದೆ ಹೋಗುತ್ತದೆ. ಕಡು ಹಸಿರಿನ ಬಯಲಿನಲ್ಲಿ ನಿಂತು ಬೆಳೆ ಸೋಲುತ್ತಿದೆ ಎಂದು ಹೇಳುವ ಒಬ್ಬಳು ರೈತ ಹೆಂಗಸು, ಅವಳ ಮಾತು ನಂಬದ ಬಂದರಿನ ಅಧಿಕಾರಿ: ಇದರಲ್ಲಿ ಕಥೆ ಇದೆ ಎಂದು ನಾವು ನಂಬುತ್ತೇವೆ. ಯುದ್ಧನೌಕೆ ಬೇಕಾಗಿಲ್ಲ.

ಕಬ್ಬಿನ ಬಗ್ಗೆ ಮಂಡ್ಯದವರು ಹೇಳದೇ ಇದ್ದರೆ ಆಗುವುದಿಲ್ಲ. ಹೊರಗೆ ಕಳಿಸಲು ಸಕ್ಕರೆಯಷ್ಟು ಒಳ್ಳೆಯ ಸರಕು ಕೃಷಿ ಗ್ರಹಕ್ಕೆ ಇನ್ನೊಂದಿಲ್ಲ. ಸಕ್ಕರೆ ಎಂದರೆ ಗಾಳಿಯ ಇಂಗಾಲ ಮತ್ತು ನೀರು, ಅಷ್ಟೇ. ಮಣ್ಣಿನ ಸಾರ ಅದರಲ್ಲಿ ಇಲ್ಲ. ಎಕರೆಗೆ 40 ಟನ್ ಕಬ್ಬು ಅರೆದರೆ ನಾಲ್ಕು ಟನ್ ಹತ್ತಿರ ಸಕ್ಕರೆ, ಹನ್ನೆರಡು ಟನ್ ಹಿಂಡಿದ ಸಿಪ್ಪೆ, ಒಂದೂವರೆ ಟನ್ ಆಸುಪಾಸು ಪ್ರೆಸ್ ಮಡ್, ಅದಕ್ಕಿಂತ ಸ್ವಲ್ಪ ಹೆಚ್ಚು ಕಾಕಂಬಿ ಬರುತ್ತದೆ. ಕಬ್ಬಿನ ಹಾಲಿಗೆ ಸುಣ್ಣ ಹಾಕಿ ತಿಳಿಗೊಳಿಸುವಾಗ ರಂಜಕ ಸುಣ್ಣದ ಜೊತೆ ಗಷ್ಟಾಗಿ ಪ್ರೆಸ್ ಮಡ್‌ಗೆ ಇಳಿಯುತ್ತದೆ. ಪೊಟ್ಯಾಷ್ ಕಾಕಂಬಿಗೆ ಹೋಗುತ್ತದೆ. ಈ ಎರಡನ್ನೂ ಗದ್ದೆಗೆ ವಾಪಸ್ ಕೊಟ್ಟರೆ ನಾಲ್ಕು ಟನ್ ಸಕ್ಕರೆ ಹೊರಗೆ ಹೋದರೂ ಮಣ್ಣು ಬಡವಾಗುವುದಿಲ್ಲ. ಬೆಲ್ಲ ಹಾಗಲ್ಲ. ಆಲೆಮನೆಯಲ್ಲಿ ಕಾಕಂಬಿ ಬೇರೆಯಾಗುವುದಿಲ್ಲ, ಬೆಲ್ಲಕ್ಕೆ ಆ ರುಚಿ ಬರುವುದೇ ಅದರಿಂದ, ಆದ್ದರಿಂದ ಬೆಲ್ಲದ ಜೊತೆ ಪೊಟ್ಯಾಷೂ ಹೋಗುತ್ತದೆ. ಬೆಲ್ಲ ಊರಿನವರಿಗೆ, ಸಕ್ಕರೆ ಹಡಗಿಗೆ ಎಂದು ಹೊಸಬಯಲಿನಲ್ಲಿ ಕಟ್ಟಳೆ ಮಾಡಬಹುದು. ನೀರಿಲ್ಲದ ಗ್ರಹವಾದರೆ ಇನ್ನೊಂದು ಎಚ್ಚರ: ಒಂದು ಟನ್ ಸಕ್ಕರೆಯೊಳಗಿನ ಜಲಜನಕ ಸುಮಾರು 580 ಲೀಟರ್ ನೀರಿಗೆ ಸಮ. ಅದನ್ನು ಎಲ್ಲಿಂದ ತುಂಬುತ್ತೀರಿ ಎಂದು ಯೋಚಿಸಿರಿ.

ಇನ್ನು ಮಣ್ಣು. ಬಂಡೆಪುಡಿಯನ್ನು ನೋಡಿ ಮಣ್ಣು ಎಂದು ಬರೆಯುವುದು ತಪ್ಪು. ಅಪೋಲೊ ಯಾನಿಗಳು ತಂದಿದ್ದ ಚಂದ್ರನ ಪುಡಿಯಲ್ಲಿ ಸಾಸಿವೆ ಜಾತಿಯ ಸಣ್ಣ ಗಿಡ ಬೆಳೆಸಿದ್ದಾಗಿ ವಿಜ್ಞಾನಿಗಳು 2022ರಲ್ಲಿ ತಿಳಿಸಿದರು. ಬೀಜ ಮೊಳೆಯಿತು, ಆದರೆ ಗಿಡ ಕುಂಟುತ್ತಾ ಬೆಳೆಯಿತು. ಮಂಗಳನಲ್ಲಿ 2008ರಲ್ಲಿ ಫೀನಿಕ್ಸ್ ನೌಕೆ ಇಳಿದ ಕಡೆ ಮಣ್ಣಿನಲ್ಲಿ ಸುಮಾರು ಅರ್ಧ ಪರ್ಸೆಂಟ್ ಪರ್‌ಕ್ಲೋರೇಟ್ ಸಿಕ್ಕಿತು. ಇದು ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸೇರದಂತೆ ತಡೆಯುವ ಉಪ್ಪು, ಸೊಪ್ಪಿನ ಎಲೆಯಲ್ಲಿ ಕೂಡಿಕೊಳ್ಳುತ್ತದೆ. ಒಂದು ಎಕರೆಯ ಮೇಲಿನ ಆರು ಇಂಚು ಮಣ್ಣು ತೂಗುವುದು ಸುಮಾರು ಒಂಬತ್ತು ಲಕ್ಷ ಕೆ.ಜಿ. ಹೊಸಬಯಲಿನಲ್ಲೂ ಅದೇ ಮಣ್ಣು ಅಂತ ಇಟ್ಟುಕೊಂಡರೆ ಎಕರೆಗೆ ನಾಲ್ಕೂವರೆ ಟನ್ ಪರ್‌ಕ್ಲೋರೇಟ್ ತೆಗೆಯಬೇಕು. ನಮ್ಮಲ್ಲಿ ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಸಾವಯವ ಇಂಗಾಲ ಅರ್ಧ ಪರ್ಸೆಂಟ್ ಇದ್ದರೆ ಮಧ್ಯಮ ಎಂದು ಬರೆಯುತ್ತಾರೆ. ಆ ಮಧ್ಯಮ ಮಟ್ಟ ಮುಟ್ಟಲು ಎಕರೆಗೆ ಸೇರಿಸಬೇಕಾದ ಇಂಗಾಲವೂ ಅಷ್ಟೇ, ನಾಲ್ಕೂವರೆ ಟನ್. ಹೊಲಕ್ಕೆ ಕೈ ಇಟ್ಟವರ ಮೊದಲ ತಲೆಮಾರಿನ ದುಡಿಮೆ ಈ ಎರಡು ಅಂಕಿಗಳಲ್ಲಿ ಇದೆ.

ಪರ್‌ಕ್ಲೋರೇಟ್ ನೀರಿನಲ್ಲಿ ಕರಗುತ್ತದೆ, ಆದ್ದರಿಂದ ಮಡಿ ಕಟ್ಟಿ ನೀರು ನಿಲ್ಲಿಸಿ ತಳದಿಂದ ಬಸಿದರೆ ಹೋಗುತ್ತದೆ. ಬಸಿದ ನೀರನ್ನು ಅದನ್ನು ತಿನ್ನುವ ಬ್ಯಾಕ್ಟೀರಿಯಾದ ತೊಟ್ಟಿಗೆ ಬಿಟ್ಟರೆ ಮಾಮೂಲಿ ಕ್ಲೋರೈಡ್ ಆಗುತ್ತದೆ. ಇಂಗಾಲ ಸೇರಿಸುವುದು ಅಷ್ಟು ಬೇಗ ಆಗುವ ಕೆಲಸವಲ್ಲ. ನಮ್ಮ ಸಲಹೆ: ಮೊದಲು ಅಲಸಂದೆ, ಸೆಣಬು, ಡಯಾಂಚ. ಬೀಜಕ್ಕೆ ಎಕರೆಗೆ 200 ಗ್ರಾಂ ರೈಜೋಬಿಯಂ ಲೇಪಿಸಲೇಬೇಕು, ಸತ್ತ ಮಣ್ಣಿನಲ್ಲಿ ಆ ಜೀವಾಣು ತಾನಾಗಿ ಇರುವುದಿಲ್ಲ. ಎಲ್ಲ ಬೇಳೆಗೂ ಒಂದೇ ತಳಿ ಹೊಂದುವುದೂ ಇಲ್ಲ, ಅಲಸಂದೆಯದು ಕಡಲೆಗೆ ಬರುವುದಿಲ್ಲ. ಬೇರಿನಲ್ಲಿ ಗಂಟು ಕಟ್ಟಿದೆಯೋ ಎಂದು ಮೂವತ್ತನೇ ದಿನ ಗಿಡ ಕಿತ್ತು ನೋಡಿ, ಗಂಟು ಒಡೆದರೆ ಒಳಗೆ ಕೆಂಪಗಿರಬೇಕು. ಬೆಳ್ಳಗೋ ಹಸಿರಾಗೋ ಇದ್ದರೆ ಕೆಲಸ ಮಾಡುತ್ತಿಲ್ಲ. ಡಯಾಂಚವನ್ನು 45–50ನೇ ದಿನ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಬೇಕು, ತಡವಾದರೆ ಕಾಂಡ ನಾರಾಗಿ ಕೊಳೆಯುವುದಿಲ್ಲ. ರಾಗಿ ಆಮೇಲೆ. ಭತ್ತ ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಗದ್ದೆ ಕೆಸರು ಮಾಡಬೇಕಾದರೆ ಜೇಡಿ ಬೇಕು. ಜೇಡಿ ಇಲ್ಲದ ಪುಡಿಯಲ್ಲಿ ಎಷ್ಟು ಉತ್ತರೂ ತಳ ಕಟ್ಟುವುದಿಲ್ಲ, ನೀರು ನಿಲ್ಲುವುದಿಲ್ಲ. ಅಲಸಂದೆಗೆ ಒಂದು ದಾಖಲೆಯೂ ಇದೆ: 2024ರ ಡಿಸೆಂಬರ್ 30ರಂದು ಏರಿದ ಪಿಎಸ್‌ಎಲ್‌ವಿ–ಸಿ60ರ ಕೊನೆಯ ಹಂತದಲ್ಲಿ ಇಸ್ರೊ ಇಟ್ಟಿದ್ದ ಎಂಟು ಅಲಸಂದೆ ಬೀಜ ನಾಲ್ಕು ದಿನದಲ್ಲಿ ಮೊಳೆತು, ಆಮೇಲೆ ಎಲೆಯನ್ನೂ ಬಿಟ್ಟವು.

ನಿಮ್ಮ ಗ್ರಹದಲ್ಲಿ ಬೇಸಾಯ ಮುಚ್ಚಿದ ಗುಮ್ಮಟದೊಳಗೆ ನಡೆಯುವುದಾದರೆ, ಗೊಬ್ಬರ ಬೇಕು ಎಂದು ಅಲ್ಲಿ ಒಂದೇ ಸಲ ತುಂಬಬಾರದು. ಅಮೆರಿಕದ ಅರಿಜೋನಾದಲ್ಲಿ 1991ರಲ್ಲಿ ಎಂಟು ಜನ ಬಯೋಸ್ಫಿಯರ್–2 ಎಂಬ ಮುಚ್ಚಿದ ಗಾಜಿನ ಕಟ್ಟಡದೊಳಗೆ ಬೇಸಾಯಕ್ಕೆ ಇಳಿದರು. ಮಣ್ಣಿಗೆ ಸಾವಯವ ಗೊಬ್ಬರ ಹೇರಳವಾಗಿ ಹಾಕಿದ್ದರು. ಆ ಮಣ್ಣಿನ ಜೀವಾಣುಗಳು ಉಸಿರಾಡಿ ಉಸಿರಾಡಿ 16 ತಿಂಗಳಲ್ಲಿ ಆಮ್ಲಜನಕ 20.9ರಿಂದ ಸುಮಾರು 14.5 ಪರ್ಸೆಂಟಿಗೆ ಇಳಿಯಿತು. ಬಂದ ಇಂಗಾಲದ ಡೈಆಕ್ಸೈಡನ್ನು ಗಿಡಕ್ಕೆ ಸಿಗದ ಹಾಗೆ ಕಾಂಕ್ರೀಟ್ ಗೋಡೆ ಹೀರಿಕೊಂಡಿತು. ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಕಾಂಕ್ರೀಟ್ ಹೀರದ ಹಾಗೆ ಗುಮ್ಮಟದ ಗೋಡೆಗೆ ಬಣ್ಣ ಬಳಿಯುವುದೂ ಬೇಸಾಯದ ಕೆಲಸವೇ ಎಂದು ಇದರಿಂದ ತಿಳಿಯುತ್ತದೆ.

ನೀರಿನ ವಿಷಯಕ್ಕೆ ಹೆಚ್ಚು ಜಾಗ ಬೇಕು, ಕಥೆಗಳಲ್ಲಿ ಅತಿ ಹೆಚ್ಚು ತಪ್ಪುವುದು ಅಲ್ಲಿಯೇ. ಕನ್ನಂಬಾಡಿಯಿಂದ ಹೊರಟ ವಿ.ಸಿ. ನಾಲೆ ಹುಲಿಕೆರೆ ಬಳಿ ಸುರಂಗ ಹೊಕ್ಕು ಈ ಕಡೆ ಬರುತ್ತದೆ. ನೀರು ಹರಿಯುವುದು ಇಳಿಜಾರಿನ ಬಲದಲ್ಲಿ. ಹೊಸಬಯಲಿನ ಗುರುತ್ವ ಮಂಗಳನಷ್ಟು, ಭೂಮಿಯ ನೂರಕ್ಕೆ 38 ಅನ್ನಿ. ಅದೇ ಅಗಲ, ಅದೇ ಆಳ, ಅದೇ ಇಳಿಜಾರಿನ ನಾಲೆಯಲ್ಲಿ ನೀರಿನ ವೇಗ ಅಲ್ಲಿ ನೂರಕ್ಕೆ 62 ಮಾತ್ರ. ಅಷ್ಟೇ ನೀರು ಅಷ್ಟೇ ಹೊತ್ತಿನಲ್ಲಿ ಕೊನೆ ಭಾಗ ಮುಟ್ಟಬೇಕಾದರೆ ಇಳಿಜಾರು 2.6 ಪಟ್ಟು ಕೊಡಬೇಕು. ಸಮತಟ್ಟು ಬಯಲಿನಲ್ಲಿ ಅದು ಸಿಗುವುದಿಲ್ಲ, ಹಾಗಾಗಿ ನಾಲೆಯನ್ನು ಹೆಚ್ಚುಕಡಿಮೆ ಒಂದೂವರೆ ಪಟ್ಟು ದೊಡ್ಡದಾಗಿ ತೋಡಬೇಕು.

ಗದ್ದೆಯೊಳಗೆ ಇನ್ನೂ ಕಷ್ಟ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಮಣ್ಣು ತಳದ ನೀರನ್ನು ಮೇಲಕ್ಕೆ ಎಳೆಯುತ್ತದೆ. ಇಲ್ಲಿ ಒಂದು ಅಡಿ ಏರುವ ನೀರು ಅಲ್ಲಿ 2.6 ಅಡಿ ಏರುತ್ತದೆ, ಏಕೆಂದರೆ ಕೆಳಕ್ಕೆ ಜಗ್ಗುವ ತೂಕ ಕಡಿಮೆ. ಇದರ ಅರ್ಥ, ನಮ್ಮಲ್ಲಿ ಮೂರು ಅಡಿ ಆಳದ ಬಸಿಗಾಲುವೆ ಸಾಕಾದ ಕಡೆ ಅಲ್ಲಿ ಏಳೆಂಟು ಅಡಿ ಬೇಕು. ತೋಡದಿದ್ದರೆ ನೆಲ ಯಾವಾಗಲೂ ಜವುಳು. ಭತ್ತಕ್ಕೆ ಬೇರಿನೊಳಗೆ ಗಾಳಿ ಹೋಗುವ ಕೊಳವೆ ಇರುತ್ತದೆ, ಅದು ತಾಳಿಕೊಳ್ಳುತ್ತದೆ. ರಾಗಿ, ಅಲಸಂದೆಯ ಬೇರು ಉಸಿರು ಕಟ್ಟಿ ಕೊಳೆಯುತ್ತದೆ.

ಜವುಳಿನ ಹಿಂದೆಯೇ ಚೌಳು ಬರುತ್ತದೆ. ಒಂದು ಬೆಳೆಗೆ ಎಕರೆಗೆ 50 ಲಕ್ಷ ಲೀಟರ್ ನೀರು ಹಾಯಿಸಿದಿರಿ, ಆ ನೀರಿನಲ್ಲಿ ಲೀಟರಿಗೆ 300 ಮಿಲಿಗ್ರಾಂ ಉಪ್ಪಿದೆ ಅನ್ನಿ. ಕುಡಿದರೆ ಸಿಹಿ ನೀರೇ. ಆದರೂ ಒಂದು ಬೆಳೆಗೆ ಒಂದೂವರೆ ಟನ್ ಉಪ್ಪು ಆ ಎಕರೆಗೆ ಬಂದು ಸೇರಿತು. ಗಿಡ ನೀರನ್ನು ಮಾತ್ರ ಕುಡಿದು ಉಪ್ಪನ್ನು ಬಹುಪಾಲು ಬಿಟ್ಟುಬಿಡುತ್ತದೆ. ಬಸಿದು ಹೋಗಲು ದಾರಿ ಇದ್ದರೆ ಸರಿ, ಇಲ್ಲದಿದ್ದರೆ ಒಣ ದಿನಗಳಲ್ಲಿ ಬದುವಿನ ಮೇಲೆ ಬಿಳಿ ಹೊಪ್ಪಳಿಕೆ ಏಳುತ್ತದೆ. ಮಣ್ಣಿನ ಲವಣಾಂಶ (ಅದನ್ನು ಅಳೆಯುವುದು ಮೀಟರಿಗೆ ಇಷ್ಟು ಡೆಸಿಸೀಮನ್ಸ್ ಎಂದು) 3 ದಾಟಿದ ಮೇಲೆ ಒಂದೊಂದು ಅಂಕಕ್ಕೂ ಭತ್ತದ ಇಳುವರಿ ನೂರಕ್ಕೆ ಹನ್ನೆರಡರಂತೆ ಬೀಳುತ್ತದೆ. ಗುಮ್ಮಟದೊಳಗೆ ಆವಿಯನ್ನು ತಣಿಸಿ ನೀರು ಮಾಡಿ ಮತ್ತೆ ಹಾಯಿಸುತ್ತೇವೆ, ಏನೂ ಪೋಲಾಗದು ಎಂದು ಬರೆಯುವವರು ಈ ಉಪ್ಪನ್ನು ಮರೆತಿರುತ್ತಾರೆ. ನೀರು ತಿರುಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ತಣಿಸುವುದಕ್ಕೂ ಬೆಲೆ ಇದೆ: ಪೈರು ದಿನಕ್ಕೆ 5 ಮಿಲಿಮೀಟರ್ ನೀರು ಉಗಿದರೆ ಎಕರೆಗೆ 20,000 ಲೀಟರ್ ಆವಿ. ಅದನ್ನು ನೀರಾಗಿಸುವಾಗ ಹೊರಗೆ ಹಾಕಬೇಕಾದ ಶಾಖ ದಿನಕ್ಕೆ 13,000 ಯೂನಿಟ್ಟಿಗೂ ಹೆಚ್ಚು. ಗುಮ್ಮಟದ ಚಿತ್ರ ಬಿಡಿಸುವಾಗ ಶಾಖ ಹೊರಹಾಕುವ ರೆಕ್ಕೆಗಳನ್ನು ಗದ್ದೆಯಷ್ಟೇ ಮುಖ್ಯವಾಗಿ ಬಿಡಿಸಿ.

ನಿಂತ ನೀರಿನ ಗದ್ದೆ ಮೀಥೇನ್ ಬಿಡುತ್ತದೆ. ಬಯಲಿನಲ್ಲಿ ಗಾಳಿಗೆ ಹೋಗುತ್ತದೆ, ಗುಮ್ಮಟದಲ್ಲಿ ಕೂಡಿಕೊಳ್ಳುತ್ತದೆ, ಗಾಳಿಯಲ್ಲಿ 5 ಪರ್ಸೆಂಟ್ ಮುಟ್ಟಿದರೆ ಒಂದು ಕಿಡಿ ಸಾಕು. ಅದಕ್ಕೆ ಬಿಟ್ಟು ಬಿಟ್ಟು ನೀರು ಕೊಡುವ ನಮ್ಮ ಕಟ್ಟು ನೀರಿನ ಪದ್ಧತಿಯೇ ಮದ್ದು. ಒಂದು ಅಡಿ ಉದ್ದದ ತೂತು ಕೊರೆದ ಪೈಪನ್ನು ಗದ್ದೆಯಲ್ಲಿ ಹೂತು, ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮಾತ್ರ ಮತ್ತೆ ಬಿಡುವುದು. ಹೂ ಬಿಡುವ ವಾರದಲ್ಲಿ ಮಾತ್ರ ನೀರು ಆರಿಸಬಾರದು. ತೂಬು ಎತ್ತುವ ಕೆಲಸ ಯಂತ್ರಕ್ಕೆ ಕೊಡಿ, ಆದರೆ ಯಾರ ಗದ್ದೆಗೆ ಯಾವ ಹೊತ್ತು ಎಂದು ತೀರ್ಮಾನಿಸುವ ನೀರುಗಂಟಿ ಮನುಷ್ಯನೇ ಆಗಿರಲಿ. ಕೊನೆ ಭಾಗದವರ ಜಗಳ ಯಂತ್ರದ ಜೊತೆ ತೀರುವುದಿಲ್ಲ.

ಗಾಳಿಯ ಬಗ್ಗೆ ಒಂದು ಮಾತು. 1996ರಲ್ಲಿ ರಷ್ಯಾದ ಮಿರ್ ನಿಲ್ದಾಣದಲ್ಲಿ ಗಿಡ್ಡ ಗೋಧಿ ಬೆಳೆಸಿದಾಗ ತೆನೆ ಸೊಗಸಾಗಿ ಬಂತು, ಒಳಗೆ ಕಾಳಿಲ್ಲ, ಎಲ್ಲ ಜೊಳ್ಳು. ಕಾರಣ ಎಥಿಲೀನ್, ಬಾಳೆ ಗೊನೆ ಹಣ್ಣಾಗಿಸುವ ಅದೇ ಅನಿಲ. ಗಿಡಗಳೂ ಅದನ್ನು ಬಿಡುತ್ತವೆ, ಮುಚ್ಚಿದ ಜಾಗದಲ್ಲಿ ಸ್ವಲ್ಪವೇ ಸೇರಿದರೂ ಪರಾಗ ಸತ್ತು ಹೋಗುತ್ತದೆ. ಗಾಳಿಯನ್ನು ಪೊಟ್ಯಾಷಿಯಂ ಪರ್ಮಾಂಗನೇಟಿನ ಜಾಲರಿಯಲ್ಲಿ ಹಾಯಿಸಿದರೆ ಎಥಿಲೀನ್ ಹೋಗುತ್ತದೆ. ಜಾಲರಿಯ ನೇರಳೆ ಬಣ್ಣ ಕಂದಾದರೆ ಬದಲಿಸುವ ಹೊತ್ತು. ಜೊಳ್ಳಿಗೆ ಬೇರೆ ಕಾರಣವೂ ಇದೆ: ಭತ್ತದ ಹೂ ಬೆಳಗಿನ ಹೊತ್ತು ಒಂದೆರಡು ಗಂಟೆ ಮಾತ್ರ ಬಿಚ್ಚಿಕೊಳ್ಳುತ್ತದೆ, ಆಗ ಬಿಸಿ 35 ಡಿಗ್ರಿ ದಾಟಿದರೆ ಕಾಳು ಸರಿಯಾಗಿ ಕಟ್ಟುವುದಿಲ್ಲ. ಇಡೀ ದಿನದ ಸರಾಸರಿ ಉಷ್ಣತೆ ಬರೆದು ಬಿಟ್ಟರೆ ಇದು ಕಾಣುವುದಿಲ್ಲ.

ಬೀಜದ ವಿಷಯ ಬೇಗ ಹೇಳಿ ಮುಗಿಸುತ್ತೇವೆ. ಗ್ರಹಕ್ಕೆಲ್ಲ ಒಂದೇ ತಳಿ ಹಾಕಬೇಡಿ. ಗುಮ್ಮಟದ ತೇವದಲ್ಲಿ ಎಲೆ ಒಣಗುವುದೇ ಇಲ್ಲ, ಬೆಂಕಿ ರೋಗ ಒಂದು ಕಡೆ ಗೆದ್ದರೆ ಎಲ್ಲ ಕಡೆ ಗೆದ್ದಂತೆ. ಹಳೆಯ ಭತ್ತದ ತಳಿಗಳಲ್ಲಿ ಹಲವು ರಾತ್ರಿಯ ಉದ್ದ ನೋಡಿ ಹೊಡೆ ಬಿಚ್ಚುತ್ತವೆ. ನಿಮ್ಮ ಗ್ರಹದ ರಾತ್ರಿ ಎಂಟೇ ಗಂಟೆಯಾದರೆ ಅವು ಹುಲ್ಲಾಗಿಯೇ ಉಳಿಯುತ್ತವೆ. ಹೊಸ ಜಾಗಕ್ಕೆ ಹೊಂದುವ ತಳಿ ಬೇಕಾದರೆ ಬೆರಕೆ ಮಾಡುವ ತಾಳ್ಮೆಯ ಮನುಷ್ಯರು ಬೇಕು. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದವರು ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಕೃಷಿ ಗ್ರಹದ ಕಥೆಗೆ ಅಂಥವರೊಬ್ಬರು ನಾಯಕರಾಗಲಿ ಎಂಬುದು ನಮ್ಮ ಆಸೆ. ಬಿತ್ತುವ ಮುಂಚೆ ಬೀಜವನ್ನು ಉಪ್ಪು ನೀರಿಗೆ ಹಾಕಬೇಕು. ಕೋಳಿಮೊಟ್ಟೆ ತೇಲುವಷ್ಟು ಉಪ್ಪು, ಮೇಲೆ ತೇಲಿದ್ದು ತೆಗೆಯಿರಿ, ಮುಳುಗಿದ್ದನ್ನು ಸಿಹಿ ನೀರಿನಲ್ಲಿ ಎರಡು ಸಲ ತೊಳೆದು ಮೊಳಕೆ ಕಟ್ಟಿ. ಗುರುತ್ವ ಕಡಿಮೆಯಾದರೂ ಈ ಪರೀಕ್ಷೆ ಕೆಡುವುದಿಲ್ಲ: ನೀರೂ ಬೀಜವೂ ಒಂದೇ ಪ್ರಮಾಣದಲ್ಲಿ ಹಗುರಾಗುತ್ತವೆ.

ನಿಮ್ಮ ಮುಂದಿನ ಕರಡಿನಲ್ಲಿ ಮೂರು ಸಾಲು ಸೇರಿಸಿ ಎಂದು ಕೇಳುತ್ತೇವೆ. ತೌಡು ಎಲ್ಲಿ ಉಳಿಯಿತು. ವಾಪಸ್ ಹಡಗಿನಲ್ಲಿ ಟನ್ ಅಕ್ಕಿಗೆ ಎಂಟು ಕೆ.ಜಿ. ಬಂತೋ ಇಲ್ಲವೋ, ಅದನ್ನು ತೂಗಿದವರು ಯಾರು. ಬಸಿಗಾಲುವೆ ಎಲ್ಲಿಗೆ ಹೋಗಿ ಸೇರುತ್ತದೆ. ಜುಲೈ–ಆಗಸ್ಟ್‌ನಲ್ಲಿ ನಾಟಿ ನಡೆಯುವಾಗ ಈ ಕಡೆ ಬನ್ನಿ. ನಾಲೆ ಏರಿಯ ಮೇಲೆ ನಿಂತರೆ ನೀರು ಬರುವ ದಾರಿ ಮಾತ್ರ ಕಾಣುತ್ತದೆ. ಹೋಗುವ ದಾರಿ ನೋಡಬೇಕಾದರೆ ಗದ್ದೆಗೆ ಇಳಿದು, ತಗ್ಗಿನ ಮೂಲೆಯ ಬದು ಕಡಿದಿರುವ ಕಡೆಯಿಂದ ಬಸಿಗಾಲುವೆ ಹಿಡಿದು, ಅದು ಹಳ್ಳ ಸೇರುವ ತನಕ ನಡೆಯಬೇಕು. ನಡೆದು ಬಂದು, ನಿಮ್ಮ ಗ್ರಹದ ನಕ್ಷೆಯಲ್ಲೂ ಆ ಗೆರೆಯನ್ನು ಎಳೆಯಿರಿ.

ಇಂತಿ,
ವಿ.ಸಿ. ನಾಲೆ ಬಯಲಿನ ಬೇಸಾಯಗಾರರು ಮತ್ತು ಮಣ್ಣು, ನೀರು, ಬೀಜದ ಕೆಲಸದವರು
ಮಂಡ್ಯ